ಐದು ಬೆರಳು, ಏಳು ಸ್ವರ

ಹತ್ತೊಂಬತ್ತನೆಯ ಶತಮಾನವು ಆಗತಾನೆ ಕಣ್ದೆರೆಯುತ್ತಿದ್ದ ಕಾಲ. ಚಳಿಗಾಲದ ಒಂದು ದಿನ ವಿಯೆನ್ನಾ ನಗರದ ಎತ್ತರದ ಕಟ್ಟಡವೊಂದರ ಮೆಟ್ಟಿಲುಗಳನ್ನು ಹತ್ತು ವರ್ಷದ ಹುಡುಗನೊಬ್ಬನು ತನ್ನ ತಂದೆಯೊಡನೆ ಏರುತ್ತಿದ್ದನು. ಅವನ ಹೆಸರು ಕಾರ್ಲ್ ಚೆರ್ನಿ. ಐದಾರು ಮಹಡಿಗಳನ್ನು ಹತ್ತಿ ಅವರು ತಲುಪಿದ ಕೋಣೆಯಲ್ಲಿ ಕಾಗದಗಳೂ ಬಟ್ಟೆಗಳೂ ಎಲ್ಲೆಂದರಲ್ಲಿ ಹರಡಿಕೊಂಡಿದ್ದವು. ಪಿಯಾನೋದ ಮುಂದಿದ್ದ ಅಲುಗಾಡುವ ಕುರ್ಚಿಯೊಂದನ್ನು ಬಿಟ್ಟರೆ ಕುಳಿತುಕೊಳ್ಳಲು ಬೇರೆ ಆಸನವೇ ಇರಲಿಲ್ಲವೆನ್ನಬೇಕು. ಕೋಣೆಯ ಯಜಮಾನನ ಕೆದರಿದ ಕರಿಗೂದಲನ್ನೂ, ಕ್ಷೌರ ಕಾಣದ ಮುಖವನ್ನೂ, ಒರಟು ಉಡುಪನ್ನೂ ಕಂಡು ಹುಡುಗನಿಗೆ ಕಥೆಯ ರಾಬಿನ್ಸನ್ ಕ್ರೂಸೋನ ನೆನಪಾಯಿತು. ಆತನ ಎರಡು ಕಿವಿಗಳಲ್ಲಿಯೂ ಹತ್ತಿಯಿತ್ತು. ಆತನೇ ಲುಡ್ವಿಗ್ ಫಾನ್ ಬೀಥೋವನ್.

ಹುಡುಗನು ಮೊದಲು ಮೊಟ್ಸಾರ್ಟನ ಕೃತಿಯೊಂದನ್ನು ನುಡಿಸಿದನು. ಅನಂತರ ಧೈರ್ಯ ತಂದುಕೊಂಡು ಬೀಥೋವನ್ನನದೇ ಆದ ‘ಪಥೆಟಿಕ್’ ಸೊನಾಟಾವನ್ನು ನುಡಿಸಿದನು. ಬೆಳೆದ ವಾದಕರಿಗೂ ಸುಲಭವಲ್ಲದ ಕೃತಿಯದು. ಬೀಥೋವನ್ ಮೆಚ್ಚಿದನು, ಹುಡುಗನಿಗೆ ತಾನೇ ಪಾಠ ಹೇಳುವುದಾಗಿ ಒಪ್ಪಿಕೊಂಡನು. ಇಷ್ಟು ಬಲ್ಲ ಶಿಷ್ಯನಿಗೆ ಗುರುವು ಇನ್ನೆಂತಹ ಕಠಿಣವಾದ ಕೃತಿಯನ್ನು ಕಲಿಸಿರಬಹುದು ಎಂದು ಯಾರಿಗಾದರೂ ಕುತೂಹಲವಾಗುವುದು ಸಹಜ. ಆದರೆ ಮೊದಲ ಕೆಲವು ಪಾಠಗಳಲ್ಲಿ ಬೀಥೋವನ್ ಕಲಿಸಿದ್ದು ಸ್ವರಶ್ರೇಣಿಗಳನ್ನು ಮಾತ್ರ. ಒಂದು ಸ್ವರದಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಏರುವುದು, ಏರಿದಂತೆಯೇ ಇಳಿಯುವುದು. ಇಂಗ್ಲಿಷಿನಲ್ಲಿ ಸ್ಕೇಲ್ ಎಂದು ಕರೆಯುವುದು ಇದನ್ನೇ. ಕೈಯನ್ನು ಹೇಗೆ ಇರಿಸಬೇಕು, ಬೆರಳುಗಳನ್ನು ಹೇಗೆ ಬಾಗಿಸಬೇಕು, ಎಲ್ಲಕ್ಕಿಂತ ಮುಖ್ಯವಾಗಿ ಹೆಬ್ಬೆರಳನ್ನು ಹೇಗೆ ಬಳಸಬೇಕು ಎಂಬುದನ್ನು ಗುರುವು ತೋರಿಸಿಕೊಟ್ಟನು. ಆ ನಿಯಮಗಳ ಬೆಲೆ ತನಗೆ ಪೂರ್ತಿಯಾಗಿ ತಿಳಿದದ್ದು ಬಹಳ ಕಾಲದ ಮೇಲೆ ಎಂದು ಚೆರ್ನಿಯು 1842ರಲ್ಲಿ ಬರೆದ ತನ್ನ ಆತ್ಮಕಥನದಲ್ಲಿ ಹೇಳಿಕೊಂಡಿದ್ದಾನೆ.

ಸೊನಾಟಾವನ್ನೇ ನುಡಿಸಬಲ್ಲವನನ್ನು ಸರಿಗಮಕ್ಕೆ ಹಿಂದಿರುಗಿಸಿದ್ದು ಏಕೆ? ಇದನ್ನು ಅರಿಯಬೇಕಾದರೆ ಪಿಯಾನೋದ ಕೀಲಿಮಣೆಯ ಮುಂದೆ ಸ್ವಲ್ಪ ಹೊತ್ತು ಕುಳಿತುಕೊಳ್ಳಬೇಕಾಗುತ್ತದೆ.

ಪಿಯಾನೋವನ್ನು ಕಣ್ಣಾರೆ ಕಾಣದವರೂ ಹಾರ್ಮೋನಿಯಮ್ಮನ್ನು ಕಂಡಿರುತ್ತಾರೆ. ಭಜನಾಮಂದಿರದಲ್ಲಿ, ನಾಟಕದ ಮೇಳದಲ್ಲಿ ಅದನ್ನು ಬಾರಿಸುವವರು ‘ಬಿಳಿ ಒಂದು’, ‘ಕರಿ ಎರಡು’ ಎಂದು ಶ್ರುತಿಯನ್ನು ಹೇಳುವುದುಂಟು. ಪಿಯಾನೋದಲ್ಲಿಯೂ ಬಿಳಿಯ ಮತ್ತು ಕಪ್ಪು ಕೀಲಿಗಳ ಜೋಡಣೆ ಇದೇ ರೀತಿಯದು. ಸಂಖ್ಯೆ ಮಾತ್ರ ಹೆಚ್ಚು. ಇಂದಿನ ಪಿಯಾನೋದಲ್ಲಿ ಬಿಳಿಯವು 52, ಕಪ್ಪಿನವು 36, ಒಟ್ಟು 88 ಕೀಲಿಗಳಿವೆ. ಒಂದು ಷಡ್ಜದಿಂದ ಮುಂದಿನ ಷಡ್ಜದವರೆಗೆ ಬಿಳಿಯ ಏಳು, ಕಪ್ಪಿನ ಐದು, ಹೀಗೆ ಹನ್ನೆರಡು ಸ್ವರಸ್ಥಾನಗಳು. ಪಾಶ್ಚಾತ್ಯರು ಬಿಳಿಯ ಕೀಲಿಗಳನ್ನು ಸಿ, ಡಿ, ಇ, ಎಫ್, ಜಿ, ಎ, ಬಿ ಎಂದು ಹೆಸರಿಸುತ್ತಾರೆ. ‘ಸಿ’ಯಿಂದ ಹೊರಟು ಬಿಳಿಯ ಕೀಲಿಗಳನ್ನಷ್ಟೇ ಒತ್ತುತ್ತ ಮುಂದಿನ ‘ಸಿ’ಯನ್ನು ಮುಟ್ಟಿದರೆ ಸಿ ಮೇಜರ್ ಎಂಬ ಶ್ರೇಣಿ ದೊರೆಯುತ್ತದೆ. ಕರ್ನಾಟಕ ಸಂಗೀತವನ್ನು ಬಲ್ಲವರ ಕಿವಿಗೆ ಇದು ಶಂಕರಾಭರಣದ ಆರೋಹಣದಂತೆ ಕೇಳಿಸುತ್ತದೆ. ಗಮಕಗಳಿಲ್ಲದ ಕಾರಣ ಇದು ರಾಗವಲ್ಲ, ರಾಗದ ಅಸ್ಥಿಪಂಜರವಷ್ಟೆ. ಮೈನರ್ ಎಂಬ ಇನ್ನೊಂದು ಜಾತಿಯ ಶ್ರೇಣಿಗಳಲ್ಲಿ ಒಂದು ಬಗೆಯದು ಏರುವಾಗ ಗೌರೀಮನೋಹರಿಯ ಸ್ವರಗಳನ್ನೂ ಇಳಿಯುವಾಗ ನಟಭೈರವಿಯ ಸ್ವರಗಳನ್ನೂ ತಳೆಯುತ್ತದೆ. ಆರೋಹಣದ ದಾರಿ ಒಂದು, ಅವರೋಹಣದ ದಾರಿ ಇನ್ನೊಂದು ಎಂಬುದು ನಮ್ಮವರಿಗೆ ಹೊಸತಲ್ಲ.

ಹನ್ನೆರಡು ಕೀಲಿಗಳಲ್ಲಿ ಯಾವುದನ್ನು ಬೇಕಾದರೂ ಷಡ್ಜವನ್ನಾಗಿ ಇಟ್ಟುಕೊಳ್ಳಬಹುದು. ಆದ್ದರಿಂದ ಮೇಜರ್ ಶ್ರೇಣಿಗಳು ಹನ್ನೆರಡು, ಮೈನರ್ ಶ್ರೇಣಿಗಳು ಹನ್ನೆರಡು. ಹಾಡುಗಾರನಿಗೆ ಶ್ರುತಿ ಬದಲಾದರೆ ಕಂಠವನ್ನು ಸ್ವಲ್ಪ ಏರಿಸಿಯೋ ಇಳಿಸಿಯೋ ಅದೇ ಹಾಡನ್ನು ಹಾಡಿದರಾಯಿತು. ಪಿಯಾನೋ ನುಡಿಸುವವನಿಗೆ ಆ ಸೌಕರ್ಯವಿಲ್ಲ. ಷಡ್ಜವು ಒಂದು ಕೀಲಿಯಷ್ಟು ಸರಿದರೂ ಕಪ್ಪು ಬಿಳುಪಿನ ನಕ್ಷೆಯೇ ಬೇರೆಯಾಗಿ, ಕೈ ಹೊಸ ದಾರಿಯನ್ನು ಕಲಿಯಬೇಕಾಗುತ್ತದೆ.

ತೊಡಕಿರುವುದು ಇಲ್ಲಿಯೇ. ಶ್ರೇಣಿಯನ್ನು ಮುಗಿಸಲು ಎಂಟು ಕೀಲಿಗಳನ್ನು ಮುಟ್ಟಬೇಕು. ಕೈಯಲ್ಲಿರುವುದು ಐದೇ ಬೆರಳು. ಐದನೆಯ ಬೆರಳನ್ನು ಮುಟ್ಟಿಸಿದ ಮೇಲೆ ಕೈಯನ್ನೆತ್ತಿ ಮುಂದಕ್ಕೆ ಹಾಕಿದರೆ ನಡುವೆ ಸಂದು ಬೀಳುತ್ತದೆ. ಕೇಳುವವರಿಗೆ ಅದು ಉಸಿರು ಕಟ್ಟಿದಂತೆ ತೋರುತ್ತದೆ. ಸಂದು ಬೀಳದಂತೆ ದಾಟುವುದು ಹೇಗೆ? ಈ ಪ್ರಶ್ನೆಗೆ ಯುರೋಪಿನ ವಾದಕರು ಉತ್ತರ ಕಂಡುಕೊಳ್ಳಲು ತಲೆಮಾರುಗಳೇ ಹಿಡಿದವು.

ಪಿಯಾನೋಗೆ ಹಿಂದಿನ ವಾದ್ಯಗಳಾದ ಹಾರ್ಪ್ಸಿಕಾರ್ಡ್, ಕ್ಲಾವಿಕಾರ್ಡ್ ಮುಂತಾದವನ್ನು ನುಡಿಸುತ್ತಿದ್ದವರಲ್ಲಿ ಅನೇಕರು ಹೆಬ್ಬೆರಳನ್ನು ಬಹುಮಟ್ಟಿಗೆ ದೂರವೇ ಇರಿಸಿದ್ದರು. ಅದು ಗಿಡ್ಡ, ದಪ್ಪ. ಉಳಿದ ನಾಲ್ಕು ಬೆರಳುಗಳೊಡನೆ ಸಾಲಾಗಿ ನಿಲ್ಲದೆ ಪಕ್ಕಕ್ಕೆ ತಿರುಗಿಕೊಂಡಿರುತ್ತದೆ. ಅಂತಹದನ್ನು ನಾಜೂಕಿನ ಕೆಲಸಕ್ಕೆ ಕರೆಯುವುದು ಅವರಿಗೆ ಸರಿಕಾಣಲಿಲ್ಲ. ಅದರ ಬದಲು ನಡುವಣ ಉದ್ದ ಬೆರಳುಗಳನ್ನು ಒಂದರ ಮೇಲೊಂದು ದಾಟಿಸುತ್ತಿದ್ದರು. ಮೂರನೆಯ ಬೆರಳು, ನಾಲ್ಕನೆಯದು, ಮತ್ತೆ ಮೂರನೆಯದು, ಮತ್ತೆ ನಾಲ್ಕನೆಯದು: ಇಬ್ಬರು ಹೆಗಲೆಣೆಯಾಗಿ ಓಣಿಯಲ್ಲಿ ನಡೆಯುತ್ತ ಸರದಿಯಂತೆ ಒಬ್ಬರನ್ನೊಬ್ಬರು ಹಿಂದೆ ಹಾಕುವ ಹಾಗೆ. ಯೊಹಾನ್ ಸೆಬಾಸ್ಟಿಯನ್ ಬಾಖನು 1720ರ ಜನವರಿ 22ರಂದು ತನ್ನ ಹಿರಿಯ ಮಗ ವಿಲ್ಹೆಲ್ಮ್ ಫ್ರೀಡೆಮನ್ನನಿಗಾಗಿ ಒಂದು ಪಾಠದ ಪುಸ್ತಕವನ್ನು ಬರೆಯತೊಡಗಿದನು. ಮಗನಿಗೆ ಆಗ ಒಂಬತ್ತು ವರ್ಷ. ಮನೆಯಲ್ಲಿ ತಂದೆಯೇ ಮಗನಿಗಾಗಿ ಕೈಯಾರೆ ಬರೆದ ಆ ಪುಸ್ತಕದಲ್ಲಿ ಬೆರಳುಗಳ ಬಳಕೆಯನ್ನು ಕಲಿಸುವ ಪುಟ್ಟ ರಚನೆಯೊಂದಿದೆ. ಅದರಲ್ಲಿ ಬಲಗೈಗೆ ಅಂಕೆಗಳಲ್ಲಿ ಗುರುತುಹಾಕಿರುವುದು ಈ ಹಳೆಯ ಮೂರು ನಾಲ್ಕರ ನಡಿಗೆಯನ್ನೇ.

ಆದರೆ ಬಾಖನ ಕೈ ಆ ಹಳೆಯ ನಡಿಗೆಯಲ್ಲಿ ನಿಂತುಬಿಡಲಿಲ್ಲ. ಅವನು ಎಲ್ಲ ಇಪ್ಪತ್ತನಾಲ್ಕು ಶ್ರೇಣಿಗಳಲ್ಲಿಯೂ ಕೃತಿಗಳನ್ನು ರಚಿಸಿದವನು. ಕಪ್ಪು ಕೀಲಿಗಳು ಹೆಚ್ಚಾದಂತೆ ಹೆಬ್ಬೆರಳಿನ ನೆರವಿಲ್ಲದೆ ಸಾಗುವುದು ಕಷ್ಟವಾಯಿತು. ತಾನು ಚಿಕ್ಕವನಾಗಿದ್ದಾಗ ಕಂಡ ದೊಡ್ಡ ವಾದಕರು ಬೆರಳುಗಳನ್ನು ಬಹಳ ಅಗಲಿಸಬೇಕಾದಾಗ ಮಾತ್ರ ಹೆಬ್ಬೆರಳನ್ನು ಬಳಸುತ್ತಿದ್ದರೆಂದು ಅವನು ಮಗನಿಗೆ ಹೇಳಿದ್ದನಂತೆ. ಇದನ್ನು ದಾಖಲಿಸಿದವನು ಇನ್ನೊಬ್ಬ ಮಗನಾದ ಕಾರ್ಲ್ ಫಿಲಿಪ್ ಎಮಾನುಯೆಲ್ ಬಾಖ್. ಪ್ರಷ್ಯದ ದೊರೆ ಫ್ರೆಡರಿಕ್‌ನ ಆಸ್ಥಾನದಲ್ಲಿ ವಾದಕನಾಗಿದ್ದ ಅವನು 1753ರಲ್ಲಿ ಕೀಲಿಮಣೆಯ ವಾದ್ಯಗಳನ್ನು ನುಡಿಸುವ ಕಲೆಯ ಬಗ್ಗೆ ಗ್ರಂಥವೊಂದನ್ನು ಪ್ರಕಟಿಸಿ, ಅದುವರೆಗೆ ಮೂಲೆಗೆ ಬಿದ್ದಿದ್ದ ಹೆಬ್ಬೆರಳಿಗೆ ಮುಖ್ಯಸ್ಥಾನವನ್ನು ಕೊಟ್ಟನು. ಬೀಥೋವನ್ ಚೆರ್ನಿಯ ತಂದೆಗೆ ಕೂಡಲೆ ಕೊಂಡುತರುವಂತೆ ಹೇಳಿದ ಪುಸ್ತಕ ಇದೇ. ಒಂದು ಬೆರಳಿನ ಬಳಕೆ ತಂದೆಯಿಂದ ಮಗನಿಗೆ, ಪುಸ್ತಕದಿಂದ ಬೀಥೋವನ್ನನಿಗೆ, ಅವನಿಂದ ಹತ್ತು ವರ್ಷದ ಹುಡುಗನಿಗೆ ಹೀಗೆ ಇಳಿದುಬಂದಿತು.

ಹೊಸ ನಡಿಗೆಯ ಗುಟ್ಟು ಬಹಳ ಸರಳ. ಪಿಯಾನೋದಲ್ಲಿ ಹೆಬ್ಬೆರಳನ್ನು ಒಂದೆಂದೂ ಕಿರುಬೆರಳನ್ನು ಐದೆಂದೂ ಎಣಿಸುತ್ತಾರೆ. ಬಲಗೈ ‘ಸಿ’ಯಿಂದ ಹೊರಟು ಒಂದು, ಎರಡು, ಮೂರು ಎಂದು ಮೂರು ಸ್ವರಗಳನ್ನು ನುಡಿಸುತ್ತದೆ. ಆಮೇಲೆ ಹೆಬ್ಬೆರಳು ಮೂರನೆಯ ಬೆರಳಿನ ಅಡಿಯಲ್ಲಿ ನುಸುಳಿ ನಾಲ್ಕನೆಯ ಸ್ವರವನ್ನು ಹಿಡಿಯುತ್ತದೆ. ಅಲ್ಲಿಂದ ಒಂದು, ಎರಡು, ಮೂರು, ನಾಲ್ಕು. ಏಳು ಸ್ವರಗಳು ಮೂರು ಮತ್ತು ನಾಲ್ಕು ಎಂದು ಎರಡು ಪಾಲಾದವು. ಮುಂದಿನ ಷಡ್ಜಕ್ಕೆ ಮತ್ತೆ ಹೆಬ್ಬೆರಳು ಬಂದರೆ ಈ ಏಣಿಯನ್ನು ಕೀಲಿಮಣೆಯ ಕೊನೆಯವರೆಗೂ ಸಂದಿಲ್ಲದೆ ಹತ್ತಬಹುದು. ಅಲ್ಲಿಯೇ ನಿಲ್ಲಬೇಕೆಂದಿದ್ದರೆ ಕಿರುಬೆರಳಿನಿಂದ ಮುಗಿಸಬಹುದು. ಇಳಿಯುವಾಗ ಕೆಲಸ ತಿರುಗುಮುರುಗು: ಹೆಬ್ಬೆರಳು ನಿಂತಲ್ಲಿಯೇ ನಿಂತಿರುತ್ತದೆ, ಉದ್ದ ಬೆರಳು ಅದರ ಮೇಲೆ ದಾಟಿಹೋಗುತ್ತದೆ. ಇಪ್ಪತ್ತನಾಲ್ಕು ಶ್ರೇಣಿಗಳಲ್ಲಿಯೂ ನಕ್ಷೆ ಬೇರೆಯಾದರೂ ಸಾಮಾನ್ಯವಾಗಿ ಈ ಮೂರು ನಾಲ್ಕರ ಲೆಕ್ಕ ತಪ್ಪುವುದಿಲ್ಲ. ಏಳು ಸ್ವರಗಳ ಒಂದು ಸುತ್ತಿನಲ್ಲಿ ನಾಲ್ಕನೆಯ ಬೆರಳಿಗೆ ಒಂದೇ ಒಂದು ಸರದಿ. ಆ ಬೆರಳು ಯಾವ ಕೀಲಿಯ ಮೇಲೆ ಬೀಳುತ್ತದೆಂಬುದನ್ನು ನೆನಪಿಟ್ಟುಕೊಂಡರೆ ಉಳಿದವು ತಾವಾಗಿ ತಮ್ಮ ತಮ್ಮ ಸ್ಥಾನಕ್ಕೆ ಬರುತ್ತವೆ.

ಇಷ್ಟನ್ನು ಬಾಯಿಪಾಠ ಮಾಡಲು ಅರ್ಧ ಗಂಟೆ ಸಾಕು. ಹಾಗಾದರೆ ವರ್ಷಗಟ್ಟಲೆ ಸಾಧನೆ ಮಾಡುವುದು ಯಾವುದಕ್ಕಾಗಿ? ಪಿಯಾನೋ ಎಂಬ ವಾದ್ಯದ ಸ್ವಭಾವವೇ ಇದಕ್ಕೆ ಕಾರಣ. 1700ರ ಹೊತ್ತಿಗೆ ಇಟಲಿಯ ಫ್ಲಾರೆನ್ಸಿನಲ್ಲಿ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಕರ್ಮಿ ಇದನ್ನು ನಿರ್ಮಿಸಿದನು. ಹಾರ್ಪ್ಸಿಕಾರ್ಡಿನಲ್ಲಿ ತಂತಿಯನ್ನು ಮೀಟುವ ವ್ಯವಸ್ಥೆಯಿದ್ದುದರಿಂದ ಕೀಲಿಯನ್ನು ಮೆಲ್ಲಗೆ ಒತ್ತಿದರೂ ಬಲವಾಗಿ ಒತ್ತಿದರೂ ನಾದ ಹೆಚ್ಚುಕಡಿಮೆ ಒಂದೇ. ಕ್ರಿಸ್ತೊಫೊರಿಯ ವಾದ್ಯದಲ್ಲಿ ಪುಟ್ಟ ಸುತ್ತಿಗೆಯೊಂದು ತಂತಿಯನ್ನು ಹೊಡೆದು ಒಡನೆಯೇ ಹಿಂದಕ್ಕೆ ಬೀಳುತ್ತದೆ. ಕೀಲಿ ಎಷ್ಟು ವೇಗವಾಗಿ ಇಳಿಯಿತೋ ಅಷ್ಟು ಜೋರಾಗಿ ನಾದ ಹೊಮ್ಮುತ್ತದೆ. ಇಂದಿನ ಪಿಯಾನೋದಲ್ಲಿ ಕೀಲಿಯು ಇಳಿಯುವ ಆಳ ಸುಮಾರು ಒಂದು ಸೆಂಟಿಮೀಟರು. ಅದನ್ನು ಇಳಿಸಲು ಬೇಕಾದ ಭಾರ ಸುಮಾರು 50 ಗ್ರಾಂ. ಬೆರಳುಗಳ ಗುಣಾವಗುಣಗಳೆಲ್ಲ ಬಯಲಾಗುವುದು ಈ ಒಂದು ಸೆಂಟಿಮೀಟರಿನೊಳಗೆ.

ಐದು ಬೆರಳುಗಳೂ ಒಂದೇ ಸಮನಾಗಿಲ್ಲವೆಂಬುದು ಗಾದೆಯ ಮಾತು. ಹೆಬ್ಬೆರಳಿಗೆ ಬಲ ಹೆಚ್ಚು, ಅದು ಬಿದ್ದ ಕಡೆ ಸ್ವರ ಕೂಗಿಕೊಳ್ಳುತ್ತದೆ. ಉಂಗುರಬೆರಳಿಗೆ ಸ್ವಾತಂತ್ರ್ಯ ಕಡಿಮೆ. ಬೆರಳುಗಳನ್ನು ಮೇಲೆತ್ತುವ ಸ್ನಾಯುರಜ್ಜುಗಳು ಕೈಯ ಹಿಂಬದಿಯಲ್ಲಿ ಅಡ್ಡಪಟ್ಟಿಗಳಿಂದ ಒಂದಕ್ಕೊಂದು ಬೆಸೆದುಕೊಂಡಿರುವುದೇ ಇದಕ್ಕೆ ಕಾರಣ. ನಡುಬೆರಳನ್ನು ಒಳಕ್ಕೆ ಮಡಿಸಿ, ಉಳಿದ ಬೆರಳುಗಳ ತುದಿಯನ್ನು ಮೇಜಿನ ಮೇಲಿಟ್ಟು, ಒಂದೊಂದನ್ನಾಗಿ ಎತ್ತಲು ಪ್ರಯತ್ನಿಸಿದರೆ ಇದು ಯಾರಿಗಾದರೂ ತಿಳಿಯುತ್ತದೆ. ಉಳಿದವೆಲ್ಲ ಏಳುತ್ತವೆ, ಉಂಗುರಬೆರಳು ಮಾತ್ರ ಏಳಲಾರದೆ ಅಂಟಿಕೊಂಡಿರುತ್ತದೆ. ಹಾಡಿನ ನಡುವೆ ಈ ಏರುಪೇರುಗಳು ಮರೆಯಾಗಿಬಿಡಬಹುದು. ಸ್ವರಶ್ರೇಣಿಯಲ್ಲಿ ಮರೆಗೆ ಅವಕಾಶವಿಲ್ಲ. ಅಲ್ಲಿ ಭಾವವಿಲ್ಲ, ಸಾಹಿತ್ಯವಿಲ್ಲ, ಅಲಂಕಾರವಿಲ್ಲ. ಸಮವಾಗಿರಬೇಕಾದ ಎಂಟು ನಾದಗಳು ಮಾತ್ರ. ಒಂದು ಕಾಳು ದಪ್ಪನಾದರೂ ಸಣ್ಣದಾದರೂ ಪೋಣಿಸಿದ ಸರದಲ್ಲಿ ಎದ್ದುಕಾಣುತ್ತದಲ್ಲವೆ? ಹಾಗೆ. ಸೊನಾಟಾವನ್ನು ಕೇಳಿದ ಬೀಥೋವನ್ ಹುಡುಗನ ಪ್ರತಿಭೆಯನ್ನು ಕಂಡನು. ಅವನ ಕೈಯನ್ನು ಕಾಣಲು ಸ್ವರಶ್ರೇಣಿಗಳೇ ಬೇಕಾದವು.

ಆರಂಭಕ್ಕೆ ಯಾವ ಶ್ರೇಣಿಯನ್ನು ಆರಿಸಿಕೊಳ್ಳಬೇಕು? ಕಪ್ಪು ಕೀಲಿಗಳೇ ಇಲ್ಲದ ಸಿ ಮೇಜರನ್ನು ಮೊದಲು ಕಲಿಸುವುದು ವಾಡಿಕೆ. ಕಾಗದದ ಮೇಲೆ ಓದಲು ಅದು ಸುಲಭವೆಂಬುದು ನಿಜ. ಆದರೆ ಪೋಲೆಂಡಿನಲ್ಲಿ ಹುಟ್ಟಿ ಪ್ಯಾರಿಸ್ಸಿನಲ್ಲಿ ನೆಲಸಿದ ಫ್ರೆಡೆರಿಕ್ ಶೊಪಾನ್ ಈ ವಾಡಿಕೆಯನ್ನು ಒಪ್ಪಲಿಲ್ಲ. ಅವನು ಶಿಷ್ಯರಿಗೆ ಮೊದಲು ಕೊಡುತ್ತಿದ್ದುದು ಬಿ ಮೇಜರ್. ಅದರಲ್ಲಿ ಕಪ್ಪು ಕೀಲಿಗಳು ಐದು, ಬಿಳಿಯವು ಎರಡೇ. ನೋಡಲು ಭಯ ಹುಟ್ಟಿಸುವ ಶ್ರೇಣಿ. ಆದರೆ ಕೈಯನ್ನು ಅದರ ಮೇಲೆ ಇಟ್ಟು ನೋಡಿದಾಗ ಶೊಪಾನನ ಜಾಣ್ಮೆ ತಿಳಿಯುತ್ತದೆ. ಎತ್ತರದಲ್ಲಿಯೂ ಹಿಂದಕ್ಕೂ ಇರುವ ಕಪ್ಪು ಕೀಲಿಗಳ ಮೇಲೆ ಉದ್ದವಾದ ಬೆರಳುಗಳು ಬಾಗಿ ವಿಶ್ರಮಿಸುತ್ತವೆ. ಗಿಡ್ಡನಾದ ಹೆಬ್ಬೆರಳಿಗೆ ತಗ್ಗಿನಲ್ಲಿರುವ ಎರಡು ಬಿಳಿಯ ಕೀಲಿಗಳು ಮೀಸಲು. ಎಲ್ಲಿ ನುಸುಳಬೇಕೆಂಬುದನ್ನು ಕೀಲಿಮಣೆಯೇ ತೋರಿಸುತ್ತದೆ. ಮೇಲೆದ್ದ ಬೆರಳುಗಳ ಅಡಿಯಲ್ಲಿ ದಾಟಲು ಬೇಕಾದಷ್ಟು ಎಡೆಯೂ ಇರುತ್ತದೆ. ಸಿ ಮೇಜರಿನಲ್ಲಾದರೋ ಎಲ್ಲವೂ ಸಪಾಟು. ಕೈಗೆ ಆಸರೆಯೇ ಇಲ್ಲ. ಆದ್ದರಿಂದ ಅದನ್ನು ಶೊಪಾನ್ ಕೊನೆಗೆ ಇರಿಸಿದ್ದನು. ಓದಲು ಸುಲಭವಾದದ್ದು ಕೈಗೆ ಕಠಿಣ, ಓದಲು ಕಠಿಣವಾದದ್ದು ಕೈಗೆ ಸುಲಭ! ಪಠ್ಯಕ್ರಮಗಳನ್ನು ರೂಪಿಸುವವರು ಇದನ್ನು ಗಮನಿಸಿದರೆ ಕೆಟ್ಟದ್ದೇನಾಗದು.

ಪಿಯಾನೋ ಕನ್ನಡನಾಡಿನ ಮನೆಗಳಲ್ಲಿ ಅಪರೂಪ. ಆದರೂ ಮೈಸೂರಿನ ಅರಮನೆಯಲ್ಲಿ ಅದಕ್ಕೆ ಶ್ರದ್ಧಾವಂತನಾದ ಒಬ್ಬ ಸಾಧಕನು ದೊರಕಿದ್ದುಂಟು. 1919ರಲ್ಲಿ ಜನಿಸಿದ ಜಯಚಾಮರಾಜ ಒಡೆಯರು ಎಳೆಯ ವಯಸ್ಸಿನಲ್ಲಿಯೇ ಪಾಶ್ಚಾತ್ಯ ಸಂಗೀತಕ್ಕೆ ಒಲಿದರು. ಸಭೆಗಳಲ್ಲಿ ನುಡಿಸುವ ಪಿಯಾನೋ ವಾದಕರಾಗಬೇಕೆಂಬ ಹಂಬಲ ಅವರಿಗಿತ್ತು. 1940ರಲ್ಲಿ ತಂದೆಯವರೂ ದೊಡ್ಡಪ್ಪನವರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ಕೆಲವೇ ತಿಂಗಳ ಅಂತರದಲ್ಲಿ ತೀರಿಕೊಂಡು, ರಾಜ್ಯಭಾರ ಅವರ ಹೆಗಲಿಗೆ ಬಂದಿತು. ಹಂಬಲ ಹಿಂದೆ ಸರಿಯಿತಾದರೂ ಅಭ್ಯಾಸ ಬತ್ತಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿಯೂ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಎಂಬ ಮನ್ನಣೆಯೂ 1945ರಲ್ಲಿ ಅವರಿಗೆ ದೊರೆತವು. ಲಂಡನ್ನಿನಲ್ಲಿ ನೆಲಸಿದ್ದ ರಷ್ಯದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಧ್ವನಿಮುದ್ರಿಸಲು 1948ರಲ್ಲಿ ಆರಂಭವಾದ ಯೋಜನೆಗೆ ಹಣ ಕೊಟ್ಟವರು ಒಡೆಯರೇ. ಮೆಟ್ನರನು ತನ್ನ ಮೂರನೆಯ ಪಿಯಾನೋ ಕಾಂಚೆರ್ಟೋವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದನು. ಕರ್ನಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದವರೂ ಇದೇ ಒಡೆಯರೆಂಬುದನ್ನು ನೆನೆದರೆ, ಒಂದು ಸಂಗೀತವನ್ನು ಕಲಿಯಲು ಇನ್ನೊಂದನ್ನು ಬಿಡಬೇಕಾಗಿಲ್ಲವೆಂಬುದು ಸ್ಪಷ್ಟವಾಗುತ್ತದೆ.

ಇಂದು ಅರಮನೆಯ ಪಿಯಾನೋ ಇಲ್ಲದಿದ್ದರೂ ವಿದ್ಯುತ್ತಿನ ಕೀಬೋರ್ಡು ಅನೇಕ ಮನೆಗಳನ್ನು ಹೊಕ್ಕಿದೆ. ಅದರ ಮೇಲೆ ಶ್ರೇಣಿಗಳನ್ನು ಕಲಿಯಬಹುದೇ ಎಂದರೆ, ಕಲಿಯಬಹುದು. ಆದರೆ ಒಂದು ಎಚ್ಚರಿಕೆ ಬೇಕು. ಅಗ್ಗದ ಕೆಲವು ಕೀಬೋರ್ಡುಗಳಲ್ಲಿ ಹೇಗೆ ಒತ್ತಿದರೂ ನಾದದ ಬಲ ಒಂದೇ. ಹಾರ್ಮೋನಿಯಮ್ಮಿನ ರೀತಿಯೂ ಇದೇ. ಅಲ್ಲಿ ನಾದವನ್ನು ಏರಿಸಿ ಇಳಿಸುವುದು ತಿದಿಯೇ ಹೊರತು ಬೆರಳಲ್ಲ. ಇಂತಹ ವಾದ್ಯವು ಕಲಿಯುವವನನ್ನು ಹೊಗಳಿ ಕೆಡಿಸುವ ಗೆಳೆಯನಿದ್ದಂತೆ. ಹೆಬ್ಬೆರಳಿನ ದರ್ಪವನ್ನೂ ಉಂಗುರಬೆರಳಿನ ಸೋಮಾರಿತನವನ್ನೂ ಅದು ಮುಚ್ಚಿಬಿಡುತ್ತದೆ. ಒತ್ತಿದ ವೇಗಕ್ಕೆ ತಕ್ಕಂತೆ ನುಡಿಯುವ, ಕೀಲಿಗಳಿಗೆ ತಕ್ಕಷ್ಟು ಭಾರವಿರುವ ವಾದ್ಯವೇ ಈ ಸಾಧನೆಗೆ ಯೋಗ್ಯ.

ಮನೆಯ ಸಾಧನೆ ಆರಂಭವಾಗುವುದು ಆಸನದಿಂದ. ಮೊಣಕೈ ಕೀಲಿಮಣೆಯ ಮಟ್ಟಕ್ಕೆ ಬರುವಷ್ಟು ಎತ್ತರ ಬೇಕು, ಉಗುರುಗಳು ಕತ್ತರಿಸಿರಬೇಕು, ಹೆಗಲು ಬಿಗಿಯಾಗಿರಬಾರದು. ಮೊದಲು ಒಂದೊಂದೇ ಕೈ. ವೇಗದ ಮಾತು ಸದ್ಯಕ್ಕೆ ಬೇಡ. ಎರಡನೆಯ ಬೆರಳು ನುಡಿಯುತ್ತಿರುವಾಗಲೇ ಹೆಬ್ಬೆರಳು ತನ್ನ ಕೀಲಿಯನ್ನು ಬಿಟ್ಟು ಒಳಗೊಳಗೆ ಸರಿಯತೊಡಗಬೇಕು. ಸರದಿ ಬಂದಮೇಲೆ ಹೊರಡುವ ಹೆಬ್ಬೆರಳು ತಡವಾಗಿ ಬಂದು, ತಡವಾದುದಕ್ಕಾಗಿ ಎಗರಿ ಬೀಳುತ್ತದೆ. ಅದರೊಡನೆ ಮೊಣಕೈಯೂ ಹೊರಕ್ಕೆ ಚಿಮ್ಮುತ್ತದೆ. ಹೊಸಬರ ಶ್ರೇಣಿಯಲ್ಲಿ ನಾಲ್ಕನೆಯ ಸ್ವರ ಢಬ್ಬೆನ್ನುವುದು ಇದೇ ಕಾರಣಕ್ಕೆ. ಇಡೀ ಶ್ರೇಣಿಯನ್ನು ನೂರು ಸಲ ಏರಿ ಇಳಿಯುವ ಬದಲು ಆ ದಾಟುವ ಎಡೆಯ ಎರಡು ಮೂರು ಸ್ವರಗಳನ್ನಷ್ಟೇ ತೆಗೆದುಕೊಂಡು, ಕಿವಿಗೊಟ್ಟು, ಹತ್ತು ಸಲ ನುಡಿಸಿದರೆ ಹೆಚ್ಚು ಪ್ರಯೋಜನವಾಗುತ್ತದೆ.

ಎರಡು ಕೈಗಳನ್ನು ಕೂಡಿಸಿದಾಗ ಹೊಸ ತೊಂದರೆ ತಲೆಯೆತ್ತುತ್ತದೆ. ಸಿ ಮೇಜರಿನಲ್ಲಿ ಏರುವಾಗ ಬಲಗೈ ನಾಲ್ಕನೆಯ ಸ್ವರದಲ್ಲಿ ದಾಟಿದರೆ ಎಡಗೈ ಆರನೆಯ ಸ್ವರದಲ್ಲಿ ದಾಟುತ್ತದೆ. ಒಂದು ಕೈ ತಿರುವಿನಲ್ಲಿರುವಾಗ ಇನ್ನೊಂದು ನೇರ ದಾರಿಯಲ್ಲಿರುತ್ತದೆ. ಮನಸ್ಸು ಎರಡು ಕಡೆ ಹಂಚಿಹೋಗಿ ಮುಗ್ಗರಿಸುತ್ತದೆ. ಇದಕ್ಕೆ ಒಂದು ಉಪಾಯವಿದೆ. ಎರಡು ಹೆಬ್ಬೆರಳುಗಳನ್ನೂ ನಡುವಣ ‘ಸಿ’ಯ ಮೇಲಿರಿಸಿ, ಬಲಗೈ ಬಲಕ್ಕೂ ಎಡಗೈ ಎಡಕ್ಕೂ ಸಾಗಿದರೆ, ಕನ್ನಡಿಯ ಬಿಂಬದಂತೆ ಎರಡು ಕೈಗಳಲ್ಲಿಯೂ ಒಂದೇ ಬೆರಳು ಒಂದೇ ಸಮಯಕ್ಕೆ ನುಡಿಯುತ್ತದೆ. ಹೀಗೆ ಪಳಗಿದ ಕೈಗಳು ಮುಂದೆ ಜೊತೆಯಾಗಿ ಏರಲು ಅಂಜುವುದಿಲ್ಲ.

ಕಾಲದ ಲೆಕ್ಕಕ್ಕೆ 1815ರಲ್ಲಿ ಮೇಲ್ಜೆಲ್ ಎಂಬುವನು ಪೇಟೆಂಟು ಪಡೆದ ಮೆಟ್ರೊನೋಮ್ ಎಂಬ ಯಂತ್ರವಿದೆ. ಅದು ನಿಮಿಷಕ್ಕೆ 60 ಬಾರಿ ಟಿಕ್ಕೆನ್ನುವಂತೆ ಇಟ್ಟುಕೊಂಡು ಒಂದು ಏಟಿಗೆ ಒಂದು ಸ್ವರ, ಅದು ಹದವಾದ ಮೇಲೆ ಎರಡು, ಅನಂತರ ನಾಲ್ಕು ಸ್ವರಗಳನ್ನು ನುಡಿಸುವುದು ಒಂದು ಕ್ರಮ. ಸಂಗೀತದ ಪಾಠಕ್ಕೆ ಹೋದವರಿಗೆ ಇದರ ಪರಿಚಯ ಬೇರೆ ಹೆಸರಿನಲ್ಲಿ ಇದ್ದೇ ಇರುತ್ತದೆ. ಪುರಂದರದಾಸರು ಹಾಕಿಕೊಟ್ಟರೆಂದು ಪರಂಪರೆ ನಂಬುವ ಸರಳೆ ವರಸೆಗಳನ್ನು ಮಾಯಾಮಾಳವಗೌಳದಲ್ಲಿ ಮೂರು ಕಾಲಗಳಲ್ಲಿ ಹಾಡಿಸುವ ಪದ್ಧತಿಯೂ ಇದೇ ಲೆಕ್ಕದ್ದು. ತಾಳ ಹಾಕುವ ಕೈಯೇ ಅಲ್ಲಿ ಮೆಟ್ರೊನೋಮ್.

ಸಾಧನೆಯ ಹೊತ್ತನ್ನು ಕುರಿತು ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ವಿಪರೀತವಾದ ಭ್ರಮೆಗಳು ಹಬ್ಬಿದವು. ಹೆಚ್ಚು ಗಂಟೆ, ಹೆಚ್ಚು ಬಲ, ಹೆಚ್ಚು ವೇಗ ಎಂಬುದೇ ಮಂತ್ರವಾಯಿತು. ಲೋಜಿಯೆ ಎಂಬ ಶಿಕ್ಷಕನು 1814ರಲ್ಲಿ ಪೇಟೆಂಟು ಪಡೆದ ಚೌಕಟ್ಟೊಂದನ್ನು ಪಿಯಾನೋಗೆ ಜೋಡಿಸಿ, ಮಕ್ಕಳ ಕೈಗಳನ್ನು ಅದರೊಳಗೆ ಸೇರಿಸಿ ನುಡಿಸುತ್ತಿದ್ದರು. ಪ್ಯಾರಿಸ್ಸಿನ ಪ್ರಸಿದ್ಧ ವಾದಕ ಕಾಲ್ಕ್‌ಬ್ರೆನರನು ಮಣಿಕಟ್ಟನ್ನು ಊರಲು ಕೀಲಿಮಣೆಯ ಉದ್ದಕ್ಕೂ ಒಂದು ಪಟ್ಟಿಯನ್ನು ಕಟ್ಟಿಸಿದನು. ಬೆರಳುಗಳ ಕಸರತ್ತು ನಡೆಯುತ್ತಿರುವಾಗ ಪುಸ್ತಕ ಓದಿಕೊಂಡಿರಬಹುದೆಂಬುದೂ ಅವನ ಸಲಹೆಯೆಂದು ಪ್ರತೀತಿ. ಕಿವಿಗೆ ಕೆಲಸವೇ ಇಲ್ಲದ ಸಾಧನೆ! ಇನ್ನು ಕೆಲವರು ಅಮೆರಿಕದಲ್ಲಿ ಉಂಗುರಬೆರಳನ್ನು ಬಂಧಿಸಿದ ಆ ಅಡ್ಡಪಟ್ಟಿಗಳನ್ನು ವೈದ್ಯರಿಂದ ಕತ್ತರಿಸಿಕೊಂಡದ್ದೂ ಉಂಟು. ಶೊಪಾನ್ ಈ ಹುಚ್ಚಿಗೆ ಸಿಕ್ಕಲಿಲ್ಲ. ಒಂದೊಂದು ಬೆರಳಿನ ರಚನೆ ಒಂದೊಂದು ಬಗೆಯದಾಗಿರುವಾಗ ಅವುಗಳ ಸಹಜಗುಣವನ್ನು ಅಳಿಸುವುದಕ್ಕಿಂತ ಬೆಳೆಸುವುದು ಲೇಸೆಂದು ಅವನು ಬರೆದಿಟ್ಟಿದ್ದಾನೆ. ದಿನಕ್ಕೆ ಮೂರು ಗಂಟೆಗಿಂತ ಹೆಚ್ಚು ಸಾಧನೆ ಮಾಡದಂತೆ ಅವನು ಶಿಷ್ಯರನ್ನು ತಡೆಯುತ್ತಿದ್ದನು.

ಈ ಭ್ರಮೆಗೆ ಬೆಲೆ ತೆತ್ತವರಲ್ಲಿ ಪ್ರಸಿದ್ಧನಾದವನು ಜರ್ಮನಿಯ ರಾಬರ್ಟ್ ಶೂಮನ್. ಲೈಪ್‌ಸಿಗ್ ನಗರದಲ್ಲಿ ಪಿಯಾನೋ ಕಲಿಯುತ್ತಿದ್ದ ಆ ತರುಣನು ಬೇಗ ಮುಂದೆ ಬರುವ ಆತುರದಲ್ಲಿ ಅತಿಯಾಗಿ ಸಾಧನೆ ಮಾಡಿದನು. ಬೆರಳನ್ನು ಪಳಗಿಸಲು ಒಂದು ಸಾಧನವನ್ನೂ ಬಳಸಿದನು. 1832ರ ಹೊತ್ತಿಗೆ ಅವನ ಬಲಗೈಯ ನಡುಬೆರಳು ಮಾತು ಕೇಳದಂತಾಯಿತು. ಕೈ ಕೆಟ್ಟದ್ದಕ್ಕೆ ಕಾರಣ ಆ ಸಾಧನವೋ, ಅತಿಯಾದ ದುಡಿಮೆಯೋ, ಬೇರೊಂದು ರೋಗವೋ ಎಂದು ವಿದ್ವಾಂಸರು ಇಂದಿಗೂ ಚರ್ಚಿಸುತ್ತಾರೆ. ಅಂತೂ ಇಪ್ಪತ್ತೆರಡರ ವಯಸ್ಸಿಗೆ ಅವನ ವಾದಕನ ಬಾಳು ಮುಗಿಯಿತು. ಕೃತಿಗಳನ್ನು ರಚಿಸುವ ಬಾಳು ಉಳಿಯಿತು. ಅವನು ಬರೆದುದನ್ನು ನುಡಿಸಿ ಲೋಕಕ್ಕೆ ಕೇಳಿಸಿದವಳು ಅವನ ಪತ್ನಿ ಕ್ಲಾರಾ. ಅವಳೂ ಮಗುವಾಗಿದ್ದಾಗಿನಿಂದ ಮನೆಯಲ್ಲಿ ತಂದೆಯಿಂದಲೇ ಕಲಿತವಳು; ಆ ತಂದೆ ಪಾಠದಷ್ಟೇ ಕಟ್ಟುನಿಟ್ಟಾಗಿ ಮಗಳನ್ನು ದಿನವೂ ಬಯಲಿನಲ್ಲಿ ನಡೆದಾಡಿಸುತ್ತಿದ್ದನು.

1850ರಲ್ಲಿ ಶೂಮನ್ ಎಳೆಯ ಕಲಿಕೆಗಾರರಿಗಾಗಿ ಕೆಲವು ನಿಯಮಗಳನ್ನು ಬರೆದು ಪ್ರಕಟಿಸಿದನು. ಸ್ವರಶ್ರೇಣಿಗಳನ್ನು ಅವನು ಬಿಡಿಸಿದನೇ? ಇಲ್ಲ, ಶ್ರದ್ಧೆಯಿಂದ ಸಾಧಿಸಬೇಕೆಂದೇ ಹೇಳಿದನು. ಆದರೆ ಮುಪ್ಪಿನವರೆಗೂ ದಿನಕ್ಕೆ ಹಲವು ಗಂಟೆಗಳ ಕಾಲ ಯಾಂತ್ರಿಕವಾಗಿ ಬೆರಳಾಡಿಸುವವರನ್ನು, ಪ್ರತಿದಿನವೂ ಅಕ್ಷರಮಾಲೆಯನ್ನು ಹೆಚ್ಚು ಹೆಚ್ಚು ವೇಗವಾಗಿ ಒಪ್ಪಿಸುವವರಿಗೆ ಹೋಲಿಸಿದನು. ನಾದ ಹೊರಡಿಸದ ಮೂಕ ಕೀಲಿಮಣೆಗಳ ಮೇಲೆ ಸಾಧನೆ ಮಾಡುವ ಪದ್ಧತಿಯೂ ಆಗ ಇದ್ದಿತು. ಮೂಕರಿಂದ ಮಾತು ಕಲಿಯಲಾಗುವುದಿಲ್ಲವೆಂದು ಶೂಮನ್ ಅದನ್ನು ತಳ್ಳಿಹಾಕಿದನು. ಕೈಯನ್ನು ಕಳೆದುಕೊಂಡವನ ಮಾತಾದುದರಿಂದ ಅದಕ್ಕೆ ಹೆಚ್ಚಿನ ತೂಕವಿದೆ.

ಚೆರ್ನಿಯ ಕಥೆ ಅರ್ಧಕ್ಕೆ ನಿಂತಿತ್ತು. ಬೆಳೆದು ದೊಡ್ಡವನಾದ ಮೇಲೆ ಅವನು ವಿಯೆನ್ನಾದಲ್ಲಿ ಹೆಸರಾಂತ ಶಿಕ್ಷಕನಾದನು. 1819ರಲ್ಲಿ ಒಬ್ಬ ತಂದೆ ತನ್ನ ಎಂಟು ವರ್ಷದ ಮಗನನ್ನು ಅವನ ಬಳಿಗೆ ಕರೆತಂದನು. ಬಿಳಿಚಿಕೊಂಡ, ಬಡಕಲಾದ ಹುಡುಗ; ನುಡಿಸುವಾಗ ಆಸನದ ಮೇಲೆ ಕುಡಿದವನಂತೆ ತೂಗಾಡುತ್ತಿದ್ದನು. ಬೆರಳುಗಳ ಬಳಕೆಯಲ್ಲಿ ಯಾವ ಕಟ್ಟೂ ಇರಲಿಲ್ಲ. ಆದರೆ ಪ್ರತಿಭೆ ಕಣ್ಣು ಕೋರೈಸುವಂತಿತ್ತು. ಕೆಲವು ವರ್ಷಗಳ ಮೇಲೆ ಆ ಸಂಸಾರ ವಿಯೆನ್ನಾಗೆ ಬಂದು ನೆಲಸಿದಾಗ ಚೆರ್ನಿ ಅವನಿಗೆ ಬಹುತೇಕ ದಿನವೂ ಸಂಜೆ ಪಾಠ ಹೇಳಿದನು. ಮೊದಲ ಕೆಲವು ತಿಂಗಳನ್ನು ಅವನು ಮೀಸಲಿಟ್ಟದ್ದು ಕೈಯ ಶಿಸ್ತಿಗೆ, ಎಲ್ಲ ಸ್ವರಶ್ರೇಣಿಗಳಿಗೆ. ಬೀಥೋವನ್ ತನಗೆ ಮಾಡಿದ್ದನ್ನೇ ಅವನು ಈ ಹುಡುಗನಿಗೆ ಮಾಡಿದನು. ಪಾಠಕ್ಕೆ ಹಣವನ್ನು ತೆಗೆದುಕೊಳ್ಳಲಿಲ್ಲ. ಹುಡುಗನ ಹೆಸರು ಫ್ರಾನ್ಜ್ ಲಿಸ್ಟ್. ಮುಂದೆ ಯುರೋಪೆಲ್ಲ ಅವನ ಕೈಚಳಕಕ್ಕೆ ಮರುಳಾಯಿತು. ಹದಿಹರೆಯದಲ್ಲಿ ತಾನು ಬರೆದಿದ್ದ ಹನ್ನೆರಡು ಅಭ್ಯಾಸಕೃತಿಗಳನ್ನು ಲಿಸ್ಟನು ಎರಡು ಸಲ ತಿದ್ದಿ, ಪಿಯಾನೋ ಸಾಹಿತ್ಯದಲ್ಲಿಯೇ ಅತ್ಯಂತ ಕಠಿಣವಾದವುಗಳೆಂದು ಹೆಸರಾದ ರೂಪದಲ್ಲಿ 1852ರಲ್ಲಿ ಪ್ರಕಟಿಸಿದನು. ಆ ವೇಳೆಗೆ ಮುದುಕನಾಗಿ ಇನ್ನೂ ವಿಯೆನ್ನಾದಲ್ಲಿಯೇ ಇದ್ದ ಚೆರ್ನಿಗೆ ಆ ಪುಸ್ತಕವನ್ನು ಅರ್ಪಿಸಿ, ತಾನು ಅವನ ಶಿಷ್ಯನೆಂದು ಅರ್ಪಣೆಯ ಪುಟದಲ್ಲಿ ಬರೆದನು.